ನೀರು ಬರುವುದಕ್ಕೆ ಮುನ್ನ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ರೈತಬಂಧುಗಳಿಗೆ, ಅವರಲ್ಲಿಯೂ ಮನೆಯ ಬೇಸಾಯದ ಭಾರವನ್ನು ಹಿರಿಯರ ಕೈಯಿಂದ ಈಗತಾನೆ ತೆಗೆದುಕೊಂಡಿರುವ ತರುಣರಿಗೂ ತರುಣಿಯರಿಗೂ, ಈ ಪತ್ರ.

ನಿಮ್ಮ ಸೀಮೆಯ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಉಪಾಧ್ಯಾಯನಾಗಿದ್ದು, ನಿಮ್ಮಲ್ಲಿ ಅನೇಕರಿಗೆ ಮಗ್ಗಿಯನ್ನೂ ಕಾಗುಣಿತವನ್ನೂ ಹೇಳಿಕೊಟ್ಟು, ಈಗ ವಿಶ್ರಾಂತನಾಗಿ ಹಿರಿಯರು ಬಿಟ್ಟುಹೋದ ನಾಲ್ಕೆಕರೆ ಭೂಮಿಯಲ್ಲಿ ನಾನೂ ಒಬ್ಬ ಬೇಸಾಯಗಾರನಾಗಿ ಕಾಲ ಕಳೆಯುತ್ತಿರುವುದರಿಂದ, ನಿಮ್ಮೊಡನೆ ನಾಲ್ಕು ಮಾತನ್ನು ಮನಸ್ಸು ಬಿಚ್ಚಿ ಆಡುವ ಸಲುಗೆ ನನಗುಂಟೆಂದು ಭಾವಿಸಿದ್ದೇನೆ. ಸಭೆಯಲ್ಲಿ ಆಡಿದ ಮಾತು ಸಭೆ ಮುಗಿದೊಡನೆ ಮರೆತುಹೋಗುವುದುಂಟು. ಬರೆದ ಮಾತಾದರೆ ಜಗಲಿಯ ಮೇಲೆ ಕುಳಿತು ಮತ್ತೊಮ್ಮೆ ಓದಿಕೊಳ್ಳಬಹುದು, ಒಪ್ಪದಿದ್ದಲ್ಲಿ ಎದುರು ಮಾತನ್ನೂ ಬರೆಯಬಹುದು.

ಈ ಮಾತನ್ನು ಈಗಲೇ ಆಡಬೇಕಾಗಿರುವುದಕ್ಕೆ ಕಾರಣವುಂಟು. ತುಂಗಾ ನದಿಯಿಂದ 17.4 ಟಿ.ಎಂ.ಸಿ., ಭದ್ರಾ ಜಲಾಶಯದಿಂದ 12.5 ಟಿ.ಎಂ.ಸಿ., ಒಟ್ಟು 29.9 ಟಿ.ಎಂ.ಸಿ. ನೀರನ್ನು ಯಂತ್ರಗಳಿಂದ ಮೇಲೆತ್ತಿ, ಅಜ್ಜಂಪುರದ ಬಳಿ ನೆಲದಡಿಯಲ್ಲಿ ಸುಮಾರು 7 ಕಿಲೋಮೀಟರು ಕೊರೆದಿರುವ ಸುರಂಗದ ಮೂಲಕ ಬಯಲಿಗೆ ಹಾಯಿಸುವ ಭದ್ರಾ ಮೇಲ್ದಂಡೆ ಯೋಜನೆಯ ಹೆಸರನ್ನು ಕೇಳುತ್ತ ಕೇಳುತ್ತಲೇ ನಮ್ಮಲ್ಲಿ ಒಂದು ತಲೆಮಾರು ಬೆಳೆದು ದೊಡ್ಡದಾಯಿತು. ಆ ನೀರು ಪೂರ್ಣವಾಗಿ ಎಂದು ಬರುವುದು, ಯಾವ ಊರಿನ ಪಾಲಿಗೆ ಎಷ್ಟು ಬರುವುದು ಎಂಬ ಚರ್ಚೆ ಪ್ರತಿಯೊಂದು ಟೀ ಅಂಗಡಿಯ ಬೆಂಚಿನ ಮೇಲೂ ನಡೆಯುತ್ತಿರುವುದನ್ನು ನಾನು ಬಲ್ಲೆ. ಅದು ನ್ಯಾಯವಾದ ಚರ್ಚೆಯೇ ಸರಿ, ಏಕೆಂದರೆ ಲಕ್ಕವಳ್ಳಿಯ ಅಣೆಕಟ್ಟು ತರೀಕೆರೆಯ ಸೀಮೆಯೊಳಗೇ ಇದ್ದರೂ ಅದರ ನೀರಿನ ಬಹುಭಾಗ ಶಿವಮೊಗ್ಗ ದಾವಣಗೆರೆಗಳ ಬಯಲಿಗೆ ಹರಿದುಹೋಗುವುದನ್ನು ನೋಡುತ್ತ ಬಾಳಿದ ಜನ ನಾವು. ಆದರೆ ಆ ಚರ್ಚೆಯಲ್ಲಿ ಒಂದು ವಿಷಯ ಮಾತ್ರ ಅಪರೂಪಕ್ಕೂ ಕಿವಿಗೆ ಬೀಳುವುದಿಲ್ಲ. ನಾಲ್ಕು ಜಿಲ್ಲೆಗಳ 2,25,515 ಹೆಕ್ಟೇರು ಭೂಮಿಗೆ ಈ ಯೋಜನೆ ಕೊಡಲಿರುವುದು ಹನಿ ನೀರಾವರಿಯ ನೀರು; ತೂಬೆತ್ತಿ ಗದ್ದೆ ತುಂಬಿಸಿಕೊಳ್ಳುವ ನೀರಿನಂತೆ ಇದನ್ನು ಬಳಸಲಾಗದು, ಅಳೆದು, ಸೋಸಿ, ಕೊಳವೆಯಲ್ಲಿ ಸರದಿಯ ಮೇಲೆ ಹಂಚಿಕೊಳ್ಳಬೇಕು. ಅಂಥ ನೀರಿಗೆ ಭೂಮಿಯೊಂದಿದ್ದರೆ ಸಾಲದು, ವಿದ್ಯೆ ಬೇಕು. ಆ ವಿದ್ಯೆ ನೀರಿಗಿಂತ ಮುಂಚೆಯೇ ಬಂದು ಊರಿನಲ್ಲಿ ನೆಲೆ ನಿಂತಿರಬೇಕು. ನನ್ನ ಪತ್ರದ ಸಾರವೆಲ್ಲ ಇಷ್ಟೆ. ಉಳಿದದ್ದು ಅದರ ವಿವರಣೆ.

ನಮ್ಮ ಸೀಮೆಯ ಸ್ಥಿತಿಯನ್ನು ಮೊದಲು ನೆಟ್ಟಗೆ ನೋಡೋಣ. ಒಂದೇ ಜಿಲ್ಲೆಯೊಳಗೆ, ಬಾಬಾಬುಡನ್ ಗಿರಿಶ್ರೇಣಿಯ ಆಚೆಗೆ ಶೃಂಗೇರಿ ಕೊಪ್ಪಗಳಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರು ಮಳೆ ಸುರಿಯುತ್ತಿರಲು, ಈಚೆಗೆ ಬೆಟ್ಟದ ಮರೆಯಲ್ಲಿ ಬಿದ್ದ ಕಡೂರಿನ ಬಯಲಿಗೆ ಅದರ ಐದರಲ್ಲಿ ಒಂದು ಪಾಲು, ಎಂದರೆ ಸುಮಾರು 600 ಮಿಲಿಮೀಟರು, ದಕ್ಕಿದರೆ ಅದೇ ದೊಡ್ಡದು. ಆ ಬೆಟ್ಟದ ತಪ್ಪಲಿನಿಂದ ಇಳಿದುಬರುವ ನೀರನ್ನು ಹಿಡಿದು ನಿಲ್ಲಿಸಬೇಕೆಂಬ ವಿವೇಕದಿಂದಲೇ ಹಿಂದಿನವರು ಸಖರಾಯಪಟ್ಟಣದ ಬಳಿ ಅಯ್ಯನಕೆರೆಯನ್ನೂ ಎಮ್ಮೆದೊಡ್ಡಿಯ ಕಡೆ ಮದಗದಕೆರೆಯನ್ನೂ ಕಟ್ಟಿದರು. ಆ ಎರಡು ಕೆರೆಗಳ ಹಳ್ಳಗಳೇ ವೇದಾ ಎಂದೂ ಅವತಿ ಎಂದೂ ಹರಿದು ಕಡೂರಿನ ಸಮೀಪದಲ್ಲಿ ಕೂಡಿ ವೇದಾವತಿಯಾಗುವುದನ್ನು ನೀವೆಲ್ಲ ಬಲ್ಲಿರಿ. ಆ ವೇದಾವತಿಗೆ ಹಿರಿಯೂರಿನ ಬಳಿ 1907ರಲ್ಲಿ ಕಟ್ಟಿ ಮುಗಿಸಿದ ವಾಣೀವಿಲಾಸ ಸಾಗರವು 1933ರಲ್ಲಿ ಒಮ್ಮೆ ತುಂಬಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ; ನಡುವೆ ಎಂಬತ್ತೊಂಬತ್ತು ವರ್ಷ ಸಂದುಹೋಗಿದ್ದವು. ನಮ್ಮ ನದಿಯ ಸ್ವಭಾವ ಇಂಥದು. ತುಂಬುವ ವರ್ಷವನ್ನು ನಂಬಿ ಬಾಳುವೆಯನ್ನು ಹೂಡಿದವನು ಈ ಸೀಮೆಯಲ್ಲಿ ಉಳಿಯಲಾರ; ತುಂಬದ ವರ್ಷಗಳನ್ನು ಲೆಕ್ಕದೊಳಗೆ ಸೇರಿಸಿಕೊಂಡವನು ಮಾತ್ರ ಉಳಿದಾನು.

ಹಿಂದಿನವರಿಗೆ ಆ ಲೆಕ್ಕ ತಿಳಿದಿತ್ತು. ತರಿ ಎಂದರೆ ಕೆರೆಯ ಕೆಳಗಣ ನೀರಾವರಿಯ ಭೂಮಿ. ತರೀಕೆರೆಯ ಏರಿಯ ಮೇಲಿನ ಕುರಿಮರಿಗಳನ್ನು ನಾಲಗೆ ತೊಡರದಂತೆ ಹೇಳುವ ಆಟವನ್ನು ಕನ್ನಡನಾಡಿನ ಮಕ್ಕಳೆಲ್ಲ ಆಡಿದ್ದಾರೆ, ಆದರೆ ಆ ಏರಿಯನ್ನು ಕಾಯುತ್ತಿದ್ದ ನೀರುಗಂಟಿಯ ವಿದ್ಯೆಯನ್ನು ಕೇಳಿ ತಿಳಿದವರು ಎಷ್ಟು ಮಂದಿ? ಕೆರೆಯಲ್ಲಿ ನೀರು ಯಾವ ಮಟ್ಟಕ್ಕೆ ನಿಂತರೆ ಎಷ್ಟು ಗದ್ದೆಗೆ ನಾಟಿ, ಅದಕ್ಕಿಂತ ಇಳಿದರೆ ಯಾರ ಗದ್ದೆ ಈ ವರ್ಷ ಬೀಳು ಎಂಬುದನ್ನು ಆತ ಕಣ್ಣಳತೆಯಿಂದಲೇ ಹೇಳುತ್ತಿದ್ದ. ಮೇಲುಗದ್ದೆಯ ಶ್ರೀಮಂತನೂ ಕೊನೆಗದ್ದೆಯ ಬಡವನೂ ಆತನ ಸರದಿಗೆ ತಲೆಬಾಗುತ್ತಿದ್ದರು. ರಾಗಿಯ ವಿಷಯವೂ ಹಾಗೆಯೇ. ಸುಭಿಕ್ಷದ ವರ್ಷದ ರಾಗಿಯನ್ನು ನೆಲದೊಳಗಣ ಹಗೇವಿಗೆ ಸುರಿದು ಬಾಯಿ ಮುಚ್ಚಿದರೆ ಅದು ಹಲವು ವರ್ಷ ಕೆಡದೆ ಕುಳಿತಿರುತ್ತಿತ್ತು. ತೆರೆಯುವ ದಿನ ಬಂದಾಗ ನಮ್ಮ ತಾತ ಬಾಯಿಕಲ್ಲನ್ನು ಸರಿಸಿ ಒಂದು ಹಗಲೆಲ್ಲ ಹಾಗೆಯೇ ಬಿಟ್ಟು, ಹಗ್ಗಕ್ಕೆ ಹಣತೆಯನ್ನು ಕಟ್ಟಿ ಒಳಗೆ ಇಳಿಬಿಟ್ಟು, ದೀಪ ಆರದೆ ಉರಿಯಿತೆಂದರೆ ಮಾತ್ರ ಆಳನ್ನು ಇಳಿಯಗೊಡುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇನೆ. ಒಳಗಿನ ಗಾಳಿ ಕೆಟ್ಟಿದ್ದರೆ ಇಳಿದವನು ಮೇಲಕ್ಕೆ ಬರುವುದಿಲ್ಲವೆಂಬುದನ್ನು ಅವರು ಪುಸ್ತಕದಲ್ಲಿ ಓದಿದವರಲ್ಲ. ಅದು ಕೈಯಿಂದ ಕೈಗೆ ಬಂದ ವಿಜ್ಞಾನ. ಬರಗಾಲದ ಎದುರು ಊರು ಕೂಡಿಟ್ಟ ಬಂಡವಾಳ.

ವಿದ್ಯೆಯೊಂದು ಕೈತಪ್ಪಿದರೆ ಅದನ್ನು ಮರಳಿ ಗಳಿಸುವುದು ಎಷ್ಟು ಕಷ್ಟವೆಂಬುದಕ್ಕೆ ಅಜ್ಜಂಪುರದವರು ದೂರ ಹುಡುಕಬೇಕಾದುದಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯೆಂಬ ಅರಮನೆಯ ದನಗಳ ಇಲಾಖೆಯಿಂದ ಮೊದಲಾಗಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲೆಂದು ಹೆಸರು ಪಡೆದ ಆ ದನಗಳ ಹಿಂಡನ್ನು, ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಋತುವಿಗೆ ತಕ್ಕಂತೆ ಹುಲ್ಲುಗಾವಲುಗಳನ್ನು ಬದಲಿಸುತ್ತ ಮೇಯಿಸಿದ ಕ್ರಮವೇ ಒಂದು ಶಾಸ್ತ್ರ. 1860ರಲ್ಲಿ ಖರ್ಚು ಉಳಿಸುವ ಉದ್ದೇಶದಿಂದ ಸರ್ಕಾರ ಆ ಹಿಂಡನ್ನು ಚದುರಿಸಿಬಿಟ್ಟಿತು. ಬಳಿಕ ತಪ್ಪು ತಿಳಿದು, 1866ರಲ್ಲಿ ಅದನ್ನು ಮತ್ತೆ ಕಟ್ಟಬೇಕಾಯಿತು. ಇಂದೂ ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನ ಕೇಂದ್ರವಿದೆ, ಬೀರೂರಿನಲ್ಲಿ ಹೋರಿಕರುಗಳ ಹರಾಜಿಗೆ ದೂರದೂರದ ರೈತರು ಬರುತ್ತಾರೆ.

ಈಗ ನನ್ನದೇ ತೋಟದ ಕಥೆಯನ್ನು ಹೇಳುತ್ತೇನೆ. ಕಡೂರಿನ ಬಯಲು ಮೂಲತಃ ರಾಗಿ, ಹುರುಳಿ, ಎಳ್ಳು, ನೆಲಗಡಲೆಗಳ ಭೂಮಿ; ಕೆರೆಯ ಹಿಂಭಾಗದ ತಗ್ಗಿನಲ್ಲಿ ತೆಂಗು. ಕೊಳವೆಬಾವಿ ಬಂದ ಮೇಲೆ ತೆಂಗು ತಗ್ಗನ್ನು ಬಿಟ್ಟು ದಿಣ್ಣೆಯನ್ನೇರಿತು, ನಾನೂ ಏರಿಸಿದೆ. ಕೊಬ್ಬರಿಗೆ ಬೆಲೆಯಿದ್ದ ಕಾಲ. ಹೊಲದಲ್ಲಿ ರಾಗಿ ಬಿತ್ತುವವನನ್ನು ಹಿಂದುಳಿದವನೆಂದು ಎಣಿಸುತ್ತಿದ್ದ ಕಾಲ. 2012ರಿಂದ ಮುಂದಿನ ಐದಾರು ವರ್ಷಗಳಲ್ಲಿ ಒಂದರ ಬೆನ್ನಿಗೊಂದು ಬರ ಬಂದಾಗ ನೂರಾರು ಅಡಿಯ ಬಾವಿಗಳು ಬತ್ತಿ, ಸಾವಿರ ಅಡಿಯ ಬಾವಿಗಳನ್ನು ಕೊರೆಯಿಸಿದವರಿಗೂ ದೂಳು ಮಾತ್ರ ಬಂದಿತು. ತೆಂಗು ಒಂದೇ ದಿನದಲ್ಲಿ ಸಾಯುವ ಮರವಲ್ಲ. ಮೊದಲು ಕೆಳಗಿನ ಗರಿಗಳು ಜೋತುಬೀಳುತ್ತವೆ, ಆಮೇಲೆ ಹರಳು ಉದುರುತ್ತದೆ, ಸುಳಿ ಸಣ್ಣಗಾಗುತ್ತದೆ, ಕಡೆಗೆ ಒಂದು ದಿನ ಬೆಳಗ್ಗೆ ಸುಳಿಯೇ ಬಾಗಿ ನಿಂತಿರುತ್ತದೆ. ಮೂವತ್ತು ವರ್ಷದ ಮರಗಳನ್ನು ಒಂದೊಂದಾಗಿ ಕಡಿಸುವಾಗ ನನ್ನ ಹೆಂಡತಿ ಆ ಕಡೆಗೆ ಬರಲೇ ಇಲ್ಲ.

ದುಃಖಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಆಮೇಲೆ ತಿಳಿದ ಒಂದು ಸಂಗತಿ. ಕಾಯಿ ಸುಲಿಸಿದ ಮೇಲೆ ಉಳಿಯುತ್ತಿದ್ದ ಸಿಪ್ಪೆಯನ್ನೆಲ್ಲ ನಾನು ವರ್ಷವರ್ಷವೂ ನಾರಿನ ಕಾರ್ಖಾನೆಯ ಲಾರಿಗೆ ತುಂಬಿ ಕಳುಹಿಸುತ್ತಿದ್ದೆ. ಅದೇ ಸಿಪ್ಪೆಯನ್ನು ಬುಡದಿಂದ ಸುಮಾರು ಎರಡು ಮೀಟರು ದೂರಕ್ಕೆ ವೃತ್ತಾಕಾರವಾಗಿ ತೋಡಿದ ಕಾಲುವೆಯಲ್ಲಿ, ಬೊಗಸೆಯಂತೆ ಒಳಮೈ ಮೇಲಾಗಿರುವಂತೆ ಪದರ ಪದರವಾಗಿ ಜೋಡಿಸಿ ಮಣ್ಣು ಮುಚ್ಚಿದರೆ, ಅದು ಮಳೆಯ ನೀರನ್ನು ಹೀರಿ ಹಿಡಿದುಕೊಂಡು ಬೇಸಗೆಯಲ್ಲಿ ಬೇರಿಗೆ ಕೊಡುವುದೆಂಬುದು ಹೊಸದಾಗಿ ಕಂಡುಹಿಡಿದ ವಿಷಯವೇನೂ ಅಲ್ಲ. ನಮ್ಮ ಕನ್ನಡದ ಕಾಸರಗೋಡಿನಲ್ಲಿ 1916ರಷ್ಟು ಹಿಂದೆಯೇ ತೆಂಗಿನ ಸಂಶೋಧನೆಗೆಂದು ಕೇಂದ್ರವೊಂದು ಆರಂಭವಾಗಿ, ಇಂಥ ವಿಷಯಗಳು ಅಲ್ಲಿಂದ ಎಷ್ಟೋ ಕಾಲದಿಂದ ಪ್ರಕಟವಾಗುತ್ತ ಬಂದಿವೆ. ಆ ತಿಳಿವಳಿಕೆ ಕಾಸರಗೋಡಿನಿಂದ ಕಡೂರಿಗೆ ಬರಲಿಲ್ಲ. ಬಂದಿದ್ದರೂ ಯಾವುದೋ ಕಪಾಟಿನಲ್ಲಿ ಉಳಿಯಿತು. ಸಿಪ್ಪೆ ಹೂಳಿದ್ದರೆ ಮರಗಳೆಲ್ಲ ಉಳಿಯುತ್ತಿದ್ದುವೆಂದು ನಾನು ಹೇಳಲಾರೆ. ಕೆಲವಾದರೂ ಉಳಿಯುತ್ತಿದ್ದುವು, ಮತ್ತು ನಾನು ಲಾರಿಗೆ ತುಂಬಿದ್ದು ನನ್ನ ಮರಗಳ ನೀರನ್ನೇ ಎಂಬುದು ನನಗೆ ಆಗ ತಿಳಿದಿರುತ್ತಿತ್ತು.

ಬರವನ್ನು ತಡೆಯುವ ಶಕ್ತಿ ನಮಗಿಲ್ಲ, ಬರಕ್ಕೆ ಬಗ್ಗದೆ ನಿಲ್ಲುವ ತ್ರಾಣವನ್ನು ಗಳಿಸಿಕೊಳ್ಳಬಹುದು. ಆ ತ್ರಾಣದ ಮೊದಲ ಪಾಠ ಅಳತೆ. ಒಂದು ಮಿಲಿಮೀಟರು ಮಳೆಯೆಂದರೆ ಒಂದು ಚದರ ಮೀಟರು ನೆಲದ ಮೇಲೆ ಒಂದು ಲೀಟರು ನೀರು. ಒಂದು ಎಕರೆಯೆಂದರೆ ಸುಮಾರು 4,047 ಚದರ ಮೀಟರು. ಹಾಗಾದರೆ 600 ಮಿಲಿಮೀಟರು ಮಳೆ ಬಿದ್ದ ವರ್ಷದಲ್ಲಿ ನಿಮ್ಮ ಒಂದೊಂದು ಎಕರೆಯ ಮೇಲೂ ಸುಮಾರು 24 ಲಕ್ಷ ಲೀಟರು ನೀರು ಬಿದ್ದಿರುತ್ತದೆ. ಬೇಸಗೆಯಲ್ಲಿ ನೀವು ಹಣ ತೆತ್ತು ತರಿಸಿ ತೋಟಕ್ಕೆ ಹಾಯಿಸಿದ 5,000 ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 485 ಟ್ಯಾಂಕರು. ಆ ನೀರು ಎಲ್ಲಿ ಹೋಯಿತು? ಬದು ಒಡೆದಿದ್ದ ಕಡೆ ಹರಿದು ಹಳ್ಳ ಸೇರಿತೋ, ಇಳಿಜಾರಿಗೆ ಉದ್ದುದ್ದವಾಗಿ ಉತ್ತ ಸಾಲಿನಲ್ಲಿ ಮಣ್ಣನ್ನೂ ಕರೆದುಕೊಂಡು ಹೋಯಿತೋ, ಕೃಷಿಹೊಂಡಕ್ಕೆ ಇಳಿಯಿತೋ, ಎಂದು ಒಬ್ಬೊಬ್ಬನೂ ತನ್ನ ಹೊಲದಲ್ಲಿ ಒಂದು ದೊಡ್ಡ ಮಳೆಯ ಹೊತ್ತಿನಲ್ಲಿ ಗೊಂಗಡಿ ಹೊದ್ದು ನಿಂತು ನೋಡಿದನಾದರೆ, ಆ ಅರ್ಧಗಂಟೆಯಲ್ಲಿ ಕಲಿಯುವುದನ್ನು ಯಾವ ತರಬೇತಿಯೂ ಕಲಿಸಲಾರದು. ನೆಟ್ಟನೆಯ ಗೋಡೆಯ ಒಂದು ಡಬ್ಬಿಯನ್ನು ಬಯಲಿನಲ್ಲಿಟ್ಟು, ಮಳೆ ನಿಂತ ಮೇಲೆ ಅಡಿಪಟ್ಟಿಯನ್ನು ಅದ್ದಿ ಅಳೆದು ಬರೆದಿಟ್ಟುಕೊಂಡರೆ ಅದೇ ಮಳೆಮಾಪಕ. ಸರ್ಕಾರದ ಮಾಪಕ ಹೋಬಳಿಯಲ್ಲಿರಬಹುದು. ಮಳೆ ಮಾತ್ರ ಒಂದು ಹೊಲಕ್ಕೆ ಬಿದ್ದು ಪಕ್ಕದ ಹೊಲವನ್ನು ಬಿಟ್ಟುಹೋಗುವುದನ್ನು ನೀವು ಪ್ರತಿ ವರ್ಷ ಕಾಣುತ್ತಿದ್ದೀರಿ.

ಅಳತೆಯ ಜೊತೆಗೇ ಬರುವುದು ಲೆಕ್ಕ. ಅಜ್ಜಂಪುರದ ಎರೆಭೂಮಿಯಲ್ಲಿ ಈರುಳ್ಳಿ ಬೆಳೆಯುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಬೆಲೆ ಬಿದ್ದುಹೋದ ಒಂದು ವರ್ಷ, ನಮ್ಮ ಜಗಲಿಯ ಮೇಲೆ ಬಂದು ಕುಳಿತು, ಮೇಷ್ಟ್ರೇ, ಅಸಲೂ ಬರಲಿಲ್ಲ, ಎಂದ. ಅಸಲೆಷ್ಟಪ್ಪಾ ಎಂದೆ. ಅಂದಾಜಿನಲ್ಲಿ ಒಂದು ಮೊತ್ತ ಹೇಳಿದ. ಇಬ್ಬರೂ ಕೂಡಿ ಬರೆಯುವುದಕ್ಕೆ ಕುಳಿತೆವು: ಬೀಜ, ಉಳುಮೆ, ಗೊಬ್ಬರ, ಔಷಧಿ, ಮೂರು ಸಲದ ಕಳೆ, ಕೀಳುವ ಕೂಲಿ, ಕೊಯ್ಯುವ ಕೂಲಿ, ಚೀಲ, ಲಾರಿ ಬಾಡಿಗೆ, ಹಮಾಲಿ, ದಲ್ಲಾಳಿ. ಪಟ್ಟಿ ಮುಗಿಯುವ ಹೊತ್ತಿಗೆ ಆತ ಹೇಳಿದ ಅಂದಾಜು ಬಹಳ ಕೆಳಗೆ ಉಳಿದಿತ್ತು. ಆಮೇಲೆ ನಾನು, ನಿನ್ನ ತಾಯಿ, ನಿನ್ನ ಹೆಂಡತಿ ಎಷ್ಟು ದಿನ ಕಳೆ ತೆಗೆದರು, ಎಂದು ಕೇಳಿದೆ. ಆತ ಪೆನ್ಸಿಲನ್ನು ಕೆಳಗಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತ. ಮುಂದಿನ ವರ್ಷ ಆತ ಈರುಳ್ಳಿಯನ್ನು ಬಿಡಲಿಲ್ಲ. ಅದರ ಭೂಮಿಯನ್ನು ಅರ್ಧಕ್ಕಿಳಿಸಿ ಉಳಿದರ್ಧಕ್ಕೆ ಕಡಲೆಯನ್ನೂ ಜೋಳವನ್ನೂ ಬಿತ್ತಿದ. ಆ ನಿರ್ಧಾರವನ್ನು ಆತನಿಗೆ ಯಾರೂ ಉಪದೇಶಿಸಲಿಲ್ಲ. ಲೆಕ್ಕದ ಹಾಳೆಯೇ ಹೇಳಿಕೊಟ್ಟಿತು.

ತಿಳಿದು ಮಾಡುವುದಕ್ಕೂ ಹೇಳಿದಂತೆ ಮಾಡುವುದಕ್ಕೂ ಇರುವ ಅಂತರವನ್ನು ತೋರಿಸುವ ಒಂದು ದೃಷ್ಟಾಂತ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ಉಂಟು. ಈ ಜಿಲ್ಲೆಗೆ ಇನ್ನೂ ಕಡೂರು ಜಿಲ್ಲೆಯೆಂಬ ಹೆಸರಿದ್ದ ಕಾಲದಲ್ಲಿ, 1908ರಲ್ಲಿ, ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ತರುಣ ವಿಜ್ಞಾನಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಮಲೆನಾಡಿನ ಅಡಕೆಯನ್ನು ಕೊಳೆರೋಗ ಹಾಳುಮಾಡುತ್ತಿತ್ತು. ಬೆಳೆಗಾರರು ಗೊನೆಗೊನೆಗೂ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು. ಕೋಲ್ಮನ್ ಅವರು ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಸಿಸಿ 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರಲ್ಲದೆ, ಫ್ರಾನ್ಸಿನಲ್ಲಿ ದ್ರಾಕ್ಷಿಯ ರೋಗಕ್ಕೆಂದು ಹುಟ್ಟಿದ ಬೋರ್ಡೋ ದ್ರಾವಣವನ್ನು ಅಡಕೆಯ ತೋಟಗಳಲ್ಲಿಯೇ ಹೊಡೆದು ತೋರಿಸಿದರು. ಬೆಳೆಗಾರರು ನಂಬಿದ್ದು ವರದಿಯನ್ನಲ್ಲ, ತಮ್ಮ ಕಣ್ಣೆದುರು ಉದುರದೆ ಉಳಿದ ಗೊನೆಯನ್ನು. ಮುಂದೆ ಇವರೇ ಸಂಸ್ಥಾನದ ವ್ಯವಸಾಯ ಇಲಾಖೆಯ ನಿರ್ದೇಶಕರಾಗಿ, 1913ರಲ್ಲಿ ಹೆಬ್ಬಾಳದಲ್ಲಿ ವ್ಯವಸಾಯ ಶಾಲೆ ಆರಂಭವಾಗುವುದಕ್ಕೂ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನ ಕೇಂದ್ರ ಏರ್ಪಡುವುದಕ್ಕೂ ಕಾರಣರಾದರು.

ಆ ದ್ರಾವಣ ನೂರು ವರ್ಷ ಕಳೆದರೂ ಬಳಕೆಯಲ್ಲಿದೆ. ಒಂದು ಕಿಲೋ ಮೈಲುತುತ್ತವನ್ನು ಐವತ್ತು ಲೀಟರು ನೀರಿನಲ್ಲಿ ಕರಗಿಸಬೇಕು, ಪಾತ್ರೆ ಕಬ್ಬಿಣದ್ದಾಗಿರಬಾರದು. ಒಂದು ಕಿಲೋ ಸುಣ್ಣವನ್ನು ಬೇರೆ ಐವತ್ತು ಲೀಟರಿನಲ್ಲಿ ಕದಡಿ ಸೋಸಬೇಕು. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ಕೋಲಿನಿಂದ ತಿರುವುತ್ತಿರಬೇಕು. ಆಕಾಶದ ಬಣ್ಣದ ದ್ರಾವಣ ಸಿದ್ಧವಾದ ಮೇಲೆ ಬಲ್ಲವನು ಚೆನ್ನಾಗಿ ಉಜ್ಜಿದ ಕಬ್ಬಿಣದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಒಂದು ನಿಮಿಷ ಹಿಡಿಯುತ್ತಾನೆ. ಅಲಗಿನ ಮೇಲೆ ಕೆಂಪನೆಯ ತಾಮ್ರದ ಲೇಪ ಕಂಡರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರನ್ನು ಸೇರಿಸಬೇಕು. ಇಲ್ಲದಿದ್ದರೆ ಆ ತುತ್ತ ಎಳೆಯ ಹಿಂಗಾರವನ್ನೇ ಸುಡುವುದು. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಈ ಕತ್ತಿಯ ಪರೀಕ್ಷೆಯನ್ನು ಏಕೆ ಮಾಡಬೇಕೆಂದು ಬಲ್ಲ ಕೂಲಿಯಾಳು ನಿಜವಾಗಿ ಕಲಿತವನು. ಅದನ್ನು ಅರಿಯದ ಯಜಮಾನನು ತೋಟಕ್ಕೆ ಒಡೆಯನಾಗಿದ್ದರೂ ಕಲಿಯಬೇಕಾದವನೇ. ಇಂದು ನಮ್ಮಲ್ಲಿ ಎಲೆಯೊಂದು ಹಳದಿಯಾದರೆ ಅದನ್ನು ಕಿತ್ತುಕೊಂಡು ಪೇಟೆಯ ಔಷಧಿ ಅಂಗಡಿಗೆ ಹೋಗಿ, ಅಲ್ಲಿ ಕೊಟ್ಟ ಮೂರು ಬಗೆಯ ಸೀಸೆಗಳನ್ನು ಒಂದೇ ಡ್ರಮ್ಮಿಗೆ ಸುರಿದು ಹೊಡೆಯುವುದು ರೂಢಿಯಾಗಿದೆ. ಹೆಸರು ತಿಳಿಯದು, ಪ್ರಮಾಣ ತಿಳಿಯದು, ಹೊಡೆದ ಮೇಲೆ ಎಷ್ಟು ದಿನ ಕಾಯಬೇಕೆಂಬುದು ತಿಳಿಯದು. ಇದು ಬೇಸಾಯವಲ್ಲ, ಪರಾಧೀನತೆ.

ತರಬೇತಿಗಳಿಲ್ಲವೇ ಎಂದು ನೀವು ಕೇಳಬಹುದು. ಉಂಟು. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ, ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕೆಯ ವಿಶ್ವವಿದ್ಯಾಲಯವೇ ಇದೆ. ಅಲ್ಲಿ ದುಡಿಯುವವರಲ್ಲಿ ನಿಷ್ಠಾವಂತರನ್ನು ನಾನು ಬಲ್ಲೆ. ಆದರೆ ವರ್ಷಕ್ಕೊಂದು ದಿನ ಸಭಾಂಗಣದಲ್ಲಿ ಕುಳಿತು ಕೇಳಿದ್ದು ಹೊಲಕ್ಕಿಳಿಯುವುದಿಲ್ಲ. ಇನ್ನೊಂದು ದೊಡ್ಡ ಲೋಪವನ್ನು ಹೇಳಲೇಬೇಕು. ತರಬೇತಿಗೆ ಕರೆಯುವುದು ಪಹಣಿಯಲ್ಲಿ ಹೆಸರಿರುವವನನ್ನು. ಬಿತ್ತನೆಯ ರಾಗಿಯನ್ನು ಆರಿಸುವವಳು, ಅವರೆ ತೊಗರಿಯ ಬೀಜಕ್ಕೆ ಕೆಮ್ಮಣ್ಣು ಸವರಿ ಒಣಗಿಸಿ ವಾಡೆಯಲ್ಲಿ ಬೂದಿಯೊಡನೆ ಕಾಪಿಡುವವಳು, ಕಳೆ ತೆಗೆಯುತ್ತ ಗಿಡಗಿಡದ ಬುಡವನ್ನೂ ನೋಡುವುದರಿಂದ ಹುಳುವನ್ನು ಎಲ್ಲರಿಗಿಂತ ಮೊದಲು ಕಾಣುವವಳು, ಆಕೆಯ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಬೇಸಾಯದ ಅರ್ಧಕ್ಕೆ ಮೀರಿದ ಜ್ಞಾನವನ್ನು ಹೊರಗೆ ನಿಲ್ಲಿಸಿ ಒಳಗೆ ಪಾಠ ಹೇಳುವುದು ಎಂಥ ವಿವೇಕ? ನಿಮ್ಮ ಮನೆಯ ಹೆಣ್ಣುಮಕ್ಕಳು ಸ್ವಸಹಾಯ ಸಂಘಗಳಲ್ಲಿ ವಾರಕ್ಕೊಮ್ಮೆ ತಪ್ಪದೆ ಸೇರಿ, ಉಳಿತಾಯದ ಪುಸ್ತಕವನ್ನು ಪೈಸೆಪೈಸೆಗೂ ಸರಿಯಾಗಿ ಬರೆದು, ಸಾಲ ತೆಗೆದುಕೊಂಡವಳು ತೀರಿಸುವಂತೆ ಮಾಡುತ್ತ ಬಂದಿದ್ದಾರೆ. ಊರಿನ ಗಂಡಸರ ಯಾವ ಸಂಘವೂ ಇಷ್ಟು ಕ್ರಮದಿಂದ ಸೇರಿದ್ದನ್ನು ನಾನು ಕಂಡಿಲ್ಲ. ಕಲಿಕೆಗೆ ಬೇಕಾದ ಎರಡು ಸಾಧನಗಳು, ನಿಯತವಾದ ಕೂಟ ಮತ್ತು ಸುಳ್ಳಿಲ್ಲದ ಪುಸ್ತಕ, ಊರಿನಲ್ಲಿ ಆಗಲೇ ಇವೆ. ಅವನ್ನು ಹೊಲಕ್ಕೆ ಕರೆದುಕೊಂಡು ಹೋಗುವುದೊಂದೇ ಬಾಕಿ.

ಹಾಗೆ ಕೂಡಿ ಕಲಿತವರು ಜಗತ್ತಿನಲ್ಲಿ ಹಲವರುಂಟು. ಡೆನ್ಮಾರ್ಕ್ ದೇಶದಲ್ಲಿ 1844ರಲ್ಲಿ ಮೊದಲಾದ ಜನತಾ ವಿದ್ಯಾಲಯಗಳು ಬಡ ರೈತಮಕ್ಕಳನ್ನು ಮಂಪರಿನಿಂದೆಬ್ಬಿಸಿದುವು. ಅದೇ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮೈಸೂರಿನ ವಯಸ್ಕರ ಶಿಕ್ಷಣದವರು ನಂಜನಗೂಡಿನಲ್ಲಿ ಹಳ್ಳಿಯ ತರುಣರಿಗೆಂದು ವಿದ್ಯಾಪೀಠವನ್ನು ತೆರೆದರು. ಇಂಡೋನೇಷ್ಯದಲ್ಲಿ ಬತ್ತದ ಕಂದು ಜಿಗಿಹುಳುವಿಗೆ ಔಷಧಿ ಹೊಡೆದಷ್ಟೂ ಹುಳು ಹೆಚ್ಚಿದಾಗ, 1989ರಿಂದ ಅಲ್ಲಿನ ರೈತರು ಇಪ್ಪತ್ತೈದು ಮಂದಿಯಂತೆ ಗುಂಪು ಕೂಡಿ, ಬಿತ್ತನೆಯಿಂದ ಕುಯ್ಲಿನವರೆಗೆ ವಾರಕ್ಕೊಂದು ಬೆಳಗ್ಗೆ ಗದ್ದೆಗಿಳಿದು, ಪೈರಿನ ಹುಳುವನ್ನೂ ಆ ಹುಳುವನ್ನು ತಿನ್ನುವ ಜೇಡವನ್ನೂ ಎಣಿಸಿ, ಗಿಡದ ಚಿತ್ರ ಬರೆದು, ಈ ವಾರ ಔಷಧಿ ಬೇಕೋ ಬೇಡವೋ ಎಂದು ತಾವೇ ತೀರ್ಮಾನಿಸುವುದನ್ನು ಕಲಿತರು. ಪುತ್ತೂರಿನಿಂದ 1988ರಲ್ಲಿ ಹೊರಟ ಅಡಿಕೆ ಪತ್ರಿಕೆ ಕೃಷಿಕನ ಕೈಗೇ ಲೇಖನಿಯನ್ನು ಕೊಟ್ಟು, ಆತ ಕಂಡದ್ದನ್ನು ಆತನೇ ಬರೆಯುವಂತೆ ಮಾಡಿತು. ಜೈಮಿನಿ ಭಾರತದ ಲಕ್ಷ್ಮೀಶನ ದೇವನೂರು ಇರುವ ಕಡೂರು ತಾಲ್ಲೂಕಿನವರಿಗೆ, ಸಣ್ಣ ಕಥೆಗಳನ್ನು ಬರೆದ ಆನಂದರ ಅಜ್ಜಂಪುರದವರಿಗೆ, ಬರೆಯುವುದು ತಮ್ಮ ಕೆಲಸವಲ್ಲವೆಂದು ಹೇಳಲು ಬಾಯಿ ಬಂದೀತೇ?

ನಿಮ್ಮಲ್ಲಿ ನಾನು ಬೇಡುವುದು ಹೆಚ್ಚೇನೂ ಇಲ್ಲ. ಊರಿಗೆ ಹದಿನೈದು ಇಪ್ಪತ್ತು ಮಂದಿ, ಅದರಲ್ಲಿ ಅರ್ಧದಷ್ಟಾದರೂ ಹೆಂಗಸರು, ಪಾಲಿಗೆ ಮಾಡುವವರೂ ಕೂಲಿ ಮಾಡುವವರೂ ಸೇರಿದಂತೆ, ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರ ಹೊಲದ ಬದುವಿನ ಮೇಲೆ ಕೂಡಿರಿ. ಬಿತ್ತನೆಗೆ ಮೊದಲು ನೂರು ಬೀಜವನ್ನೆಣಿಸಿ ಒದ್ದೆಯ ಗೋಣಿಯಲ್ಲಿ ಸುತ್ತಿಟ್ಟು ಎಷ್ಟು ಮೊಳೆತುವೆಂದು ನೋಡಿರಿ; ಎಪ್ಪತ್ತಕ್ಕಿಂತ ಕಡಮೆಯಾದರೆ ಆ ಬೀಜವನ್ನು ಬಿತ್ತಬೇಡಿರಿ. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲನ್ನು ಬಿಡಬೇಡಿರಿ. ಮಳೆ ಕೈಕೊಟ್ಟ ವರ್ಷ ಆ ಸಾಲಿನ ಅವರೆ ತೊಗರಿಗಳೇ ಮನೆಯನ್ನು ಕಾಯುತ್ತವೆ. ಹನಿ ನೀರಾವರಿಯ ಕೊಳವೆ ಕಟ್ಟಿಕೊಂಡರೆ ಬಿಚ್ಚಿ ತೊಳೆಯುವುದನ್ನೂ, ಪಂಪಿನ ಸಣ್ಣಪುಟ್ಟ ದುರಸ್ತಿಯನ್ನೂ ಊರಿನ ಇಬ್ಬರು ಮೂವರಾದರೂ ಚೆನ್ನಾಗಿ ಕಲಿತಿರಲಿ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯಂತ್ರದ ನೆರವಿನಿಂದ ಮರವೇರುವ ತರಬೇತಿಯನ್ನು ಕೊಡುತ್ತ ಬಂದಿದೆ. ಕಾಯಿ ಕೀಳುವವರಿಲ್ಲದೆ ಗೊನೆ ಮರದಲ್ಲಿಯೇ ಒಣಗುತ್ತಿರುವ ಈ ದಿನಗಳಲ್ಲಿ ಅದನ್ನು ಕಲಿತ ಹುಡುಗನಿಗೆ ಬೆಂಗಳೂರಿನ ಕಾವಲುಗಾರಿಕೆಗಿಂತ ಮರ್ಯಾದೆಯ ಸಂಪಾದನೆ ಊರಿನಲ್ಲಿಯೇ ಉಂಟು. ಹೋಗುವವರು ಹೋಗಲಿ, ನಾನು ತಡೆಯುವವನಲ್ಲ. ಬೇರೆ ದಾರಿಯಿಲ್ಲದೆ ಹೋಗುವ ದುರ್ಗತಿ ಮಾತ್ರ ಯಾರಿಗೂ ಬರಬಾರದು.

ಮತ್ತು ಪುಸ್ತಕ. ಇನ್ನೂರು ಪುಟದ ಒಂದು ಸಾಧಾರಣ ನೋಟುಪುಸ್ತಕ ಸಾಕು. ಬಿದ್ದ ಮಳೆ, ಬಾವಿಯ ನೀರಿನ ಮಟ್ಟ, ಬಿತ್ತಿದ ತಾರೀಖು, ಹೊಡೆದ ಔಷಧಿಯ ಹೆಸರು, ಕೊಟ್ಟ ಕೂಲಿ, ಮನೆಯವರು ದುಡಿದ ದಿನ, ಮಾರಿದ ಬೆಲೆ. ಐದು ವರ್ಷ ಬರೆದರೆ ನಿಮ್ಮ ಊರಿನ ಬಗ್ಗೆ ಯಾವ ಕಚೇರಿಯಲ್ಲಿಯೂ ಇಲ್ಲದ ಜ್ಞಾನ ನಿಮ್ಮ ಗೂಡಿನಲ್ಲಿರುತ್ತದೆ. ನೀರು ಹಂಚುವ ದಿನ ಬಂದಾಗ, ಬೆಳೆವಿಮೆಯ ಮಾತು ಬಂದಾಗ, ಅಧಿಕಾರಿಯ ಎದುರು ಆ ಪುಸ್ತಕವನ್ನು ಬಿಚ್ಚಿಟ್ಟು ತಲೆಯೆತ್ತಿ ಮಾತಾಡಬಹುದು.

ಬರುವ ರೋಹಿಣಿ ಮಳೆಗೆ ಮುನ್ನ ನಿಮ್ಮ ಊರಿನಲ್ಲಿ ಮೊದಲ ಕೂಟವನ್ನು ಸೇರಿಸಿರಿ. ನನ್ನನ್ನು ಕರೆದರೆ ಬರುತ್ತೇನೆ; ಸಿಂಗಟಗೆರೆಯ ಕಡೆಯಾಗಲಿ, ಶಿವನಿಯ ಕಡೆಯಾಗಲಿ, ಲಿಂಗದಹಳ್ಳಿಯ ಕಡೆಯಾಗಲಿ, ಬಸ್ಸು ಇಲ್ಲದ ಊರಾದರೆ ನಡೆದು ಬರುತ್ತೇನೆ. ಮಳೆಯ ಡಬ್ಬಿಯನ್ನೂ ಅಡಿಪಟ್ಟಿಯನ್ನೂ ನಾನೇ ತರುತ್ತೇನೆ. ಪುಸ್ತಕವನ್ನು ಮಾತ್ರ ನೀವು ತನ್ನಿರಿ.

ಇತಿ ನಿಮ್ಮ ವಿಶ್ವಾಸಿ,
ಕಡೂರು ಸೀಮೆಯ ಒಬ್ಬ ನಿವೃತ್ತ ಉಪಾಧ್ಯಾಯ